ಮೇಷ್ಟ್ರ ವಾಚಿಗೆ ಇಪ್ಪತ್ತೆರಡು ಸುತ್ತು

ಸೋಮವಾರ ಬೆಳಿಗ್ಗೆ ನನ್ನ ವಾಚು ರಿಪೇರಿ ಅಂಗಡಿಯ ಗಾಜಿನ ಮೇಲೆ ಎರಡು ಸಾಮಾನು ಬಂದು ಕೂತವು. ಒಂದು ವಾಚು, ಇನ್ನೊಂದು ಅದರ ಕೀ. ಕೀ ಅಂದರೆ ವಾಚಿನ ಪಕ್ಕದಲ್ಲಿ ಮೂಗುಬೊಟ್ಟಿನ ಹಾಗೆ ಕೂತಿರುತ್ತದಲ್ಲ, ದಿನಾ ಬೆಳಿಗ್ಗೆ ತಿರುಗಿಸುವ ಗುಂಡಿ, ಅದು. ಬ್ಯಾಟರಿ ವಾಚು ಕಟ್ಟಿ ಬೆಳೆದವರಿಗೆ ಅದು ಶೋಕಿಗೆ ಇಟ್ಟ ಹಾಗೆ ಕಾಣಬಹುದು. ಹಳೇ ವಾಚಿಗೆ ಅದೇ ಬಾಯಿ. ಅಲ್ಲಿಂದ ಊಟ ಹೋಗದಿದ್ದರೆ ಒಂದೂವರೆ ದಿನದಲ್ಲಿ ವಾಚು ಸತ್ತಂತೆ.

ತಂದಿಟ್ಟವರು ಮೈಸೂರಿನ ಇದೇ ಚಾಮರಾಜಪುರಂನಲ್ಲಿ ಸಂಗೀತದ ಪಾಠ ಹೇಳುವ ಮೇಷ್ಟ್ರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಮಹಡಿ ಮೆಟ್ಟಿಲಿನ ಕೆಳಗಿರುವ ನನ್ನ ಅಂಗಡಿಗೆ ಕಣ್ಣಿದ್ದವರೆಲ್ಲ ಹಣೆ ಬಡಿಸಿಕೊಂಡೇ ಬರುವುದು. ಮೇಷ್ಟ್ರು ಮಾತ್ರ ಕೋಲಿನಿಂದ ಮೆಟ್ಟಿಲಿಗೆ ಒಂದು ಸಲ ತಟ್ಟಿ, ಸದ್ದು ಕೇಳಿ, ಸರಿಯಾಗಿ ತಲೆ ಬಗ್ಗಿಸಿ ಬಂದರು.

ಅಂಥ ವಾಚನ್ನು ನಾನು ಕೇಳಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ಆರರ ಕಡೆ ಉಗುರು ಹಾಕಿ ಎತ್ತಿದರೆ ಮೇಲಿನ ಗಾಜು ಡಬ್ಬಿಯ ಮುಚ್ಚಳದ ಹಾಗೆ ತೆರೆದುಕೊಳ್ಳುತ್ತದೆ. ಡಯಲ್ಲಿನ ಮೇಲೆ ಉಬ್ಬು ಚುಕ್ಕೆಗಳು. ಹನ್ನೆರಡಕ್ಕೆ ಮೂರು, ಮೂರು-ಆರು-ಒಂಬತ್ತಕ್ಕೆ ಎರಡೆರಡು, ಮಿಕ್ಕವಕ್ಕೆ ಒಂದೊಂದು. ಮುಳ್ಳುಗಳು ದಪ್ಪ, ಬೆರಳಿಟ್ಟರೂ ಬಗ್ಗುವುದಿಲ್ಲ. ಬೆರಳಾಡಿಸಿ ಹೊತ್ತು ತಿಳಿದುಕೊಳ್ಳುವ ವಾಚು.

"ಕೀ ಕಿತ್ಕೊಂಡು ಕೈಗೇ ಬಂತಪ್ಪ. ಇದನ್ನೇ ಕೂರಿಸಕ್ಕೆ ಆದ್ರೆ ಕೂರಿಸು, ಇಲ್ದಿದ್ರೆ ಬೇರೆ ಹಾಕು. ಭಾನುವಾರ ಮಧ್ಯಾಹ್ನದೊಳಗೆ ಬೇಕು" ಎಂದರು.

"ಭಾನುವಾರ ಏನು ಮೇಷ್ಟ್ರೇ, ಮದುವೆಯಾ?"

"ಕಚೇರಿ. ರಾಮೋತ್ಸವದ ಪೆಂಡಾಲಲ್ಲಿ. ಐದರಿಂದ ಆರು, ಆಮೇಲೆ ಬೇರೆಯವರದು. ಹೋದ ವರ್ಷ ಈ ವಾಚು ನಿಮ್ಮ ಗುರುಗಳ ಹತ್ರ ಸರ್ವೀಸಿಗೆ ಇತ್ತು. ಅವರಿಗೆ ಹುಷಾರು ತಪ್ಪಿತು, ತಡ ಆಯ್ತು. ವಾಚಿಲ್ಲದೆ ಹೋಗಿ ಕೂತೆ. ಐದು ನಿಮಿಷ ಇದೆ ಅಂತ ನನಗೆ ಚೀಟಿ ಕಳಿಸಿದ್ರು ಕಣೋ." ಸ್ವಲ್ಪ ತಡೆದರು. "ನನಗೆ. ಚೀಟಿ."

ಚೀಟಿ ಅವರ ಮಡಿಲಲ್ಲಿ ಬಿದ್ದಿತ್ತಂತೆ. ಮೇಷ್ಟ್ರು ಹಾಡುತ್ತಲೇ ಇದ್ದರು. ಮಂಗಳ ಶುರು ಮಾಡಿದಾಗ ಮೈಕು ಆರಿಸಿಬಿಟ್ಟರು.

"ಈ ವರ್ಷ ಕರೆದಿರೋದೇ ಹೆಚ್ಚು. ಟೈಮಿಗೆ ಮುಗಿಸ್ತೀರಾ ಅಂತ ಮೂರು ಸಲ ಕೇಳಿದಾರೆ. ಮತ್ತೆ ಹಂಗಾದ್ರೆ ಮುಂದಕ್ಕೆ ಕರೆಯಲ್ಲ."

"ಈಗ ಮಾತಾಡೋ ಫೋನಿದೆಯಲ್ಲ ಮೇಷ್ಟ್ರೇ?"

"ಇದೆ. ನಾನು ಆಲಾಪನೆ ಮಾಡ್ತಿದ್ರೆ ಅದೂ ಪಕ್ಕದಲ್ಲಿ ಫೈವ್ ಫಾರ್ಟಿ ಟೂ ಪೀಯೆಂ ಅಂತ ಶುರು ಮಾಡುತ್ತೆ. ಶ್ರುತಿ ಬೇರೆ ಸೇರಲ್ಲ."

"ಶಿಷ್ಯೆ ಯಾರಾದ್ರೂ ತಟ್ಟಿ ಹೇಳಿದ್ರೆ?"

"ಮೈ ತಟ್ಟಿಸಿಕೊಂಡು ಹಾಡು ನಿಲ್ಲಿಸೋದಾದ್ರೆ ನಾನು ಮನೇಲೇ ಹಾಡ್ಕೋತೀನಿ ಬಿಡು."

ನಾನು ಧೈರ್ಯವಾಗಿ "ಬುಧವಾರ ಬಂದು ತಗೊಂಡೋಗಿ" ಎಂದೆ. ನನ್ನ ಬಾಯಿಗೆ ಯಾವತ್ತೂ ಕೀ ಕೊಡಬೇಕಾಗಿಲ್ಲ, ತಾನೇ ಓಡುತ್ತದೆ.

ಮಂಗಳವಾರ ಕೆಲಸಕ್ಕೆ ಕೂತೆ. ಕೀಗೆ ಅಂಟಿಕೊಂಡಂತೆ ಒಂದು ಉಕ್ಕಿನ ಕಡ್ಡಿ ವಾಚಿನೊಳಗೆ ಹೋಗಿರುತ್ತದೆ. ಇಲ್ಲಿ ಕೀಯ ಹೊರಗಿನ ಟೊಪ್ಪಿಗೆ ಮಾತ್ರ ಕಳಚಿ ಬಂದಿತ್ತು. ಒಳಗಿನ ಹಿತ್ತಾಳೆ ಕೊಳವೆ ಸೀಳಿ, ಕಡ್ಡಿಯ ತುದಿಯಲ್ಲೇ ಕಚ್ಚಿಕೊಂಡಿತ್ತು. ಅದೇ ಕೀಯನ್ನು ಉಳಿಸುವುದು ಆಗದ ಮಾತು. ಕಡ್ಡಿಯನ್ನು ಹೊರಗೆ ತೆಗೆಯಬೇಕು, ಸೀಳಿದ ಕೊಳವೆ ಬಿಡಿಸಬೇಕು, ಹೊಸ ಕೀ ಹಾಕಬೇಕು. ಪುಸ್ತಕದಲ್ಲಿ ಬರೆದರೆ ಮೂರು ಸಾಲು.

ಕಡ್ಡಿಯನ್ನು ಒಳಗೆ ಒಂದು ಪುಟ್ಟ ಕೊಕ್ಕೆ ಹಿಡಿದಿರುತ್ತದೆ. ಹಿಂದಿನ ಮುಚ್ಚಳ ತೆಗೆದು ಆ ಕೊಕ್ಕೆಯ ತಿರುಪನ್ನು ಮುಕ್ಕಾಲು ಸುತ್ತು ಸಡಿಲಿಸಿದರೆ ಸಾಕು, ಕಡ್ಡಿ ಜಾರಿ ಬರುತ್ತದೆ. ಮುಕ್ಕಾಲು, ಹೆಚ್ಚೆಂದರೆ ಒಂದು. ಗುರುಗಳು ಇದನ್ನು ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು. ತಿರುಪು ತುಕ್ಕು ಹಿಡಿದಿತ್ತು, ಒತ್ತಿ ತಿರುಗಿಸಿದೆ. ಅದು ಬಿಟ್ಟ ರಭಸಕ್ಕೆ ಎರಡು ಸುತ್ತು ಹೋಯಿತು. ಒಳಗೆ ಟಿಕ್ ಎಂದಿತು. ಕಡ್ಡಿ ಬಂತು, ಆದರೆ ಕೊಕ್ಕೆ ಜಾಗ ಬಿಟ್ಟು ಡಯಲ್ಲಿನ ಅಡಿಗೆ ಬಿತ್ತು.

ಡಯಲ್ಲಿನ ಅಡಿಗೆ ಹೋಗಬೇಕಾದರೆ ಡಯಲ್ಲು ತೆಗೆಯಬೇಕು. ಡಯಲ್ಲು ತೆಗೆಯಬೇಕಾದರೆ ಮುಳ್ಳು ಕೀಳಬೇಕು. ಆ ದಪ್ಪ ಮುಳ್ಳುಗಳು ಸುಲಭಕ್ಕೆ ಬರುವ ಜಾತಿಯಲ್ಲ. ಡಯಲ್ಲಿನ ಮೇಲೆ ಕಾಗದ ಹಾಸಿ, ಎರಡು ಕಡೆಯಿಂದ ಸಮನಾಗಿ ಮೀಟಿ, ಉಸಿರು ಬಿಗಿಹಿಡಿದು ಎಬ್ಬಿಸಿದೆ. ಕೊಕ್ಕೆ ಕೂರಿಸಿ, ಡಯಲ್ಲು ಹಾಕಿ, ಮುಳ್ಳುಗಳನ್ನು ಹನ್ನೆರಡಕ್ಕೆ ಹೊಂದಿಸಿ ಒತ್ತುವಷ್ಟರಲ್ಲಿ ಸಂಜೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ದಿನ. ಆದರೂ ಒಳಗೊಳಗೇ ಬೀಗಿದೆ. ಬೀಗುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ.

ಬುಧವಾರ ಸೀಳಿದ ಕೊಳವೆಯನ್ನು ಕಾಯಿಸಿ ಬಿಡಿಸಿದೆ. ಡ್ರಾಯರಿನಲ್ಲಿ ಅದೇ ಥ್ರೆಡ್ಡಿನ ಹೊಸ ಕೀಯೂ ಸಿಕ್ಕಿತು, ಫಳಫಳ ಹೊಳೆಯುವಂಥದು. ಅದರ ತೂತು ಹಳೆಯದರಷ್ಟು ಆಳವಿರಲಿಲ್ಲ. ಹಾಗಾಗಿ ಕಡ್ಡಿಯ ತುದಿಯನ್ನು ಒಂದು ಮಿಲಿಮೀಟರ್ ಕತ್ತರಿಸಬೇಕಿತ್ತು. ಇದರಲ್ಲಿ ಒಂದೇ ನಿಯಮ: ಕಮ್ಮಿ ಕತ್ತರಿಸು, ಹಾಕಿ ನೋಡು, ಮತ್ತೆ ಕಮ್ಮಿ ಕತ್ತರಿಸು. ಕತ್ತರಿಸಿದ್ದನ್ನು ಬೆಳೆಸಲು ಬರುವುದಿಲ್ಲ.

ಆಗಲೇ ಬೆಲ್ಟು ಬದಲಿಸಲು ಇಬ್ಬರು ಬಂದರು, ಬ್ಯಾಂಕಿನವರು, ನನ್ನ ಮಿಮಿಕ್ರಿಯ ಕಾಯಂ ಗಿರಾಕಿಗಳು. ಗಾಜು ಎತ್ತಿದ ವಾಚು ನೋಡಿ ಇದೇನು ಎಂದು ಕೇಳಿದರು. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಕಟ್ಟರು. ನಾನು ಸುಮ್ಮನೆ ಹೇಳಬಹುದಿತ್ತು. ಮೇಷ್ಟ್ರ ಹಾಗೆ ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಅವರ ದನಿ ಎತ್ತಿಕೊಂಡು, ಪೆಂಡಾಲಿನ ಕತೆ ಪೂರ್ತಿ ಹೇಳಿದೆ. "ನನಗೆ," ಎಂದು ತಡೆದೆ. "ಚೀಟಿ" ಎಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ 'ಚೀಟಿ'ಯ ಜೊತೆಗೇ ನನ್ನ ಕೈಯ ಕಟ್ಟರೂ ಮುಚ್ಚಿಕೊಂಡಿತ್ತು. ಕಡ್ಡಿಯ ತುಂಡು ಚಿಮ್ಮಿ ನೆಲಕ್ಕೆ ಹೋಯಿತು.

ಅವರು ಹೋದ ಮೇಲೆ ಕೀ ಹಾಕಿ ನೋಡಿದೆ. ಕೀ ಕೇಸಿಗೆ ಬಂದು ಒತ್ತಿಕೊಂಡಿತು, ಒಳಗೆ ಕಡ್ಡಿ ಕೊಕ್ಕೆಯ ತನಕ ಮುಟ್ಟಲಿಲ್ಲ. ಅರ್ಧ ಮಿಲಿಮೀಟರ್ ಗಿಡ್ಡ. ಐಗ್ಲಾಸು ಕಣ್ಣಿಗೆ ಸಿಕ್ಕಿಸಿಕೊಂಡು ಹತ್ತು ಸಲ ನೋಡಿದೆ. ನೋಡಿದಷ್ಟಕ್ಕೆ ಉದ್ದವಾಗುವುದಾಗಿದ್ದರೆ ಅದು ಅಷ್ಟೊತ್ತಿಗೆ ಮೊಳ ಆಗಿರುತ್ತಿತ್ತು.

ಬುಧವಾರ ಎಂದಿದ್ದ ನಾನು ಮೇಷ್ಟ್ರಿಗೆ ಫೋನು ಮಾಡಿ "ನಾಳೆ" ಎಂದೆ.

ಗುರುವಾರ ಅಂಗಡಿಗೆ ಬೀಗ ಹಾಕಿ, ಅದೇ ನಮೂನೆಯ ಕಡ್ಡಿ ಹುಡುಕಿಕೊಂಡು ಸ್ಕೂಟರಿನಲ್ಲಿ ಹೊರಟೆ. ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳಲ್ಲಿ ಹಳೇ ರಿಪೇರಿಯವರು ಉಳಿದಿರುವುದೇ ನಾಲ್ಕೈದು ಮಂದಿ. ಒಬ್ಬರು "ಅವೆಲ್ಲ ಎಲ್ಲಿ ಬತ್ತವೆ ಈಗ, ಬುಡಿ" ಎಂದರು. ಇನ್ನೊಬ್ಬರು ಡಬ್ಬಿ ಸುರಿದು ಹುಡುಕಿದರು, ಒಂದೂ ಸೇರಲಿಲ್ಲ. ಕುವೆಂಪುನಗರದಲ್ಲೊಬ್ಬರು "ಒಳಗಿನ ಮಿಷನ್ನೇ ತೆಗೆದು ಬ್ಯಾಟರೀದು ಹಾಕ್ಬುಡಿ, ಅವರಿಗೇನು ಕಾಣುತ್ತಾ?" ಎಂದು ನಕ್ಕರು. ನಾನು ನಗಲಿಲ್ಲ. ಹಿಂದಿನ ದಿನ ಇದಕ್ಕಿಂತ ಚೆನ್ನಾಗಿ ನಗಿಸಿದವನು ನಾನೇ.

ನಾಲ್ಕು ಗಂಟೆಗೆ ಅಂಗಡಿಗೆ ಬಂದು ಕೂತೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಫೋನು ಹೊಡೆದುಕೊಂಡಿತು. ಮೇಷ್ಟ್ರು. ಎತ್ತದೆ ಬಿಟ್ಟೆ. ಮತ್ತೆ ಹೊಡೆದುಕೊಂಡಿತು. ಆಗ ನನ್ನ ಗಂಟಲು ನನ್ನನ್ನು ಕೇಳದೆ ಒಂದು ಕೆಲಸ ಮಾಡಿತು. ನನ್ನ ಗುರುಗಳ ದನಿಯಲ್ಲಿ ಮಾತಾಡಿಬಿಟ್ಟೆ. ಮೂಗಿನಲ್ಲಿ, ನಶ್ಯ ಏರಿಸಿದ ಹಾಗೆ ಎಳೆದು.

"ಅಲೋ... ಯಾರು? ಅವ್ನಿಲ್ಲ ಕಣ್ರೀ. ಪೋನು ಇಲ್ಲೇ ಬುಟ್ಬುಟ್ಟು ಸಾಮಾನು ತರಕ್ಕೆ ಬೆಂಗ್ಳೂರಿಗೆ ಓಗವ್ನೆ. ನಾಳಿದ್ದು ಬತ್ತಾನೆ."

ಆ ಕಡೆಯಿಂದ ಮೇಷ್ಟ್ರು ನಿಧಾನಕ್ಕೆ ಹೇಳಿದರು: "ನಿಮ್ಮ ಗುರುಗಳ ದನಿ ಇದಕ್ಕಿಂತ ಶ್ರುತಿಯಲ್ಲಿ ಎರಡು ಮನೆ ಕೆಳಗಿದೆ ಕಣೋ. ಗಂಟಲು ಕೆಡುತ್ತೆ, ಬಿಡು. ಏನು ಮುರಿದೆ?"

ಹೋದ ವರ್ಷ ವಾಚು ಗುರುಗಳ ಹತ್ತಿರ ಇತ್ತೆಂದು ಅವರೇ ಹೇಳಿದ್ದರು. ಇಡೀ ಮೈಸೂರಿನಲ್ಲಿ ಕಳ್ಳಮಾತಿಗೆ ನಾನು ಆರಿಸಿಕೊಂಡಿದ್ದು ಮೇಷ್ಟ್ರಿಗೆ ಚೆನ್ನಾಗಿ ಪರಿಚಯವಿದ್ದ ದನಿಯನ್ನೇ. ಅದೂ ಕಿವಿಯಿಂದಲೇ ಮನುಷ್ಯರನ್ನು ಗುರುತಿಸುವವರ ಮುಂದೆ.

ಎಲ್ಲ ಹೇಳಿದೆ. ಕೊಕ್ಕೆ ಬಿದ್ದದ್ದು, ಕಡ್ಡಿ ಗಿಡ್ಡವಾದದ್ದು. ಗಿಡ್ಡವಾದಾಗ ನಾನು ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅಷ್ಟು ಹೊತ್ತಿಗೆ ಸುಳ್ಳು ಹೇಳುವ ದನಿಗಳು ಮುಗಿದುಹೋಗಿದ್ದವು.

"ನಕ್ಕರಾ?" ಎಂದು ಕೇಳಿದರು.

"ನಕ್ಕರು ಮೇಷ್ಟ್ರೇ."

"ಹೂಂ. ಗುರುಗಳನ್ನ ಕೇಳಿದ್ಯಾ?"

"ಅವರು ನನ್ನ ಜೊತೆ ಮಾತು ಬಿಟ್ಟಿದಾರೆ."

"ನಾನಿನ್ನೂ ಬಿಟ್ಟಿಲ್ಲ. ಹೋಗಿ ಕೇಳು" ಎಂದು ಫೋನಿಟ್ಟರು.

ಗುರುಗಳು ಮಾತು ಬಿಟ್ಟದ್ದಕ್ಕೂ ಕಾರಣ ಇದೇ ಬಾಯಿ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಾನು ಅವರ ಹಾಗೆ ಮಾತಾಡಿ ತೋರಿಸಿದ್ದೆ, ಅವರು ಹಿಂದಿನ ಸಾಲಿನಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದರು. ಈಗ ಕೈ ನಡುಗುತ್ತದೆಂದು ಅಂಗಡಿ ಮುಚ್ಚಿ ಒಂಟಿಕೊಪ್ಪಲಿನ ಮನೆಯಲ್ಲಿದ್ದಾರೆ. ಶುಕ್ರವಾರ ಬೆಳಿಗ್ಗೆ ಹೋಗಿ ಜಗಲಿಯ ಕೆಳಗೆ ನಿಂತೆ. ಅವರು ಪೇಪರಿನಿಂದ ಮುಖ ಎತ್ತಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ, ಅವರ ದನಿ ಕದ್ದದ್ದನ್ನೂ ಸೇರಿಸಿ.

"ಎಂಗೆ ಮಾತಾಡ್ದೆ? ಮಾಡು ನೋಡವ" ಎಂದರು.

"ಬೇಡಿ ಗುರುಗಳೇ."

"ಊರಿಗೆಲ್ಲ ಮಾಡ್ತೀಯಂತೆ. ನಂಗೆ ಮಾಡಕ್ಕೇನ್ಲಾ? ಮಾಡು, ಆಮೇಲೆ ಕಡ್ಡಿ ಮಾತು."

ಮಾಡಿದೆ. ಕಣ್ಣೆದುರಿಗೆ ಅಸಲಿ ಕೂತಿರುವಾಗ ನಕಲಿ ಮಾಡುವುದು ಎಷ್ಟು ಕಷ್ಟವೆಂದು ಆವತ್ತು ಗೊತ್ತಾಯಿತು. "ಅಂಗಲ್ಲ ಕಣ್ಲಾ, ಅಂಗಲ್ಲ, ತಿರುಪು ಅಂದ್ರೆ ಎಂಡ್ತಿ ಇದ್ದಂಗೆ, ಜಾಸ್ತಿ ತಿರುಗಿಸ್ಬಾರ್ದು" ಎಂದು ನಶ್ಯ ಸೇದುವ ಸದ್ದಿನೊಂದಿಗೆ ಮುಗಿಸಿದೆ.

ಗುರುಗಳು ಮುಖ ಗಂಟಿಕ್ಕಿದರು. "ಅಷ್ಟು ಮೂಗಲ್ಲಿ ಮಾತಾಡ್ತೀನಾ ನಾನು?"

ಅಡುಗೆಮನೆಯಿಂದ ಗುರುಗಳ ಹೆಂಡತಿ ಕೂಗಿ ಹೇಳಿದರು: "ಊಂ, ಮಾತಾಡ್ತೀರ! ನೀವೇ ಯಾರಿಗೋ ಬೈತಿದೀರ ಅಂದ್ಕೊಂಡೆ!"

ಗುರುಗಳು ಪೇಪರು ಮಡಿಸಿಟ್ಟರು. ಕಡ್ಡಿ ಅವರ ಹತ್ತಿರವೂ ಇರಲಿಲ್ಲ. ಇದ್ದಬದ್ದ ಸಾಮಾನೆಲ್ಲ ಅಂಗಡಿ ಮುಚ್ಚುವಾಗಲೇ ಕೊಟ್ಟುಬಿಟ್ಟಿದ್ದರು. ಅವರು ನನ್ನ ಕೈಯಿಂದ ಕೀಯನ್ನೂ ಕಡ್ಡಿಯನ್ನೂ ತೆಗೆದುಕೊಂಡು, ನಡುಗುವ ಬೆರಳಲ್ಲೇ ಬೆಳಕಿಗೆ ಹಿಡಿದರು.

"ಕಡ್ಡಿ ಉದ್ದ ಮಾಡಕ್ಕಾಗಲ್ಲ. ಕೀ ತೂತಿನ ಆಳ ಕಮ್ಮಿ ಮಾಡಕ್ಕಾಯ್ತದಲ್ಲ? ತಳದಲ್ಲಿ ಅರ್ಧ ಮಿಲಿಮೀಟ್ರು ತುಂಬು. ಕೀ ಅಷ್ಟು ಆಚೆ ನಿಂತ್ಕತದೆ. ಕತ್ತರ್ಸಿದ ತುಂಡು ಎಲ್ಲಿ?"

"ನೆಲಕ್ಕೆ ಹೋಯ್ತು."

"ಅದನ್ನೇ ಉಡುಕು. ಅದೇ ಉಕ್ಕು, ಅದೇ ತ್ರೆಡ್ಡು, ತಿರುಪಿದ್ರೆ ತಳಕ್ಕೆ ಕಚ್ಕೊಂಡು ಕೂತ್ಕತದೆ. ಆಮೇಲೆ ಕಡ್ಡಿ ಹಿಡಿಯಕ್ಕೆ ಮೂರೇ ಸುತ್ತು ತ್ರೆಡ್ಡು ಉಳೀತದೆ, ಅದಕ್ಕೆ ಅಂಟು ಆಕು. ಅಂಟು ಆಕಿದ್ಮೇಲೆ ಒಂದು ದಿನ ಮುಟ್ಟಂಗಿಲ್ಲ. ಇನ್ನೊಂದು. ಅಂಟು ಆಕೋಕೆ ಮುಂಚೆ ವಾಚ್ನ ಅವರ ಕೈಗೆ ಕೊಡು. ಕಟ್ಟೋರ ಬೆರಳು ಒಪ್ಪಿದ್ಮೇಲೇ ಅಂಟು."

ಕೊನೆಯ ಮಾತು ನನಗೆ ಹಳಬರ ಶಾಸ್ತ್ರದ ಹಾಗೆ ಕಂಡಿತು. ತುಂಡು ಸಿಕ್ಕಿದರೆ ತಾನೆ ಅದೆಲ್ಲ.

ಮಧ್ಯಾಹ್ನವೆಲ್ಲ ಅಂಗಡಿಯ ನೆಲದ ಮೇಲೆ ಮೊಣಕಾಲೂರಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅಂಗುಲ ಅಂಗುಲಕ್ಕೆ ಆಡಿಸಿದೆ. ಗಿರಾಕಿಗಳು ಬಂದು ನನ್ನ ಬೆನ್ನು ನೋಡಿ ವಾಪಸು ಹೋದರು. ಒಂದು ವರ್ಷದಿಂದ ಕಳೆದು, 'ನಿಮ್ಮ ವಾಚಿನಲ್ಲಿ ಇರಲೇ ಇಲ್ಲ' ಎಂದು ನಾನು ವಾದ ಮಾಡಿದ್ದ ತಿರುಪುಗಳೆಲ್ಲ ಸಾಲಾಗಿ ಸಿಕ್ಕವು. ತುಂಡು ಸಿಗಲಿಲ್ಲ. ಕಡೆಗೆ ಚಪ್ಪಲಿ ಕಳಚಿ ಅದರ ಅಡಿಗೆ ಅಯಸ್ಕಾಂತ ಹಿಡಿದೆ. ರಬ್ಬರಿನ ಗೆರೆಯೊಳಗಿಂದ ಅದು ಎದ್ದು ಬಂತು. ಎರಡು ದಿನದಿಂದ ಊರೆಲ್ಲ ಅದನ್ನು ತುಳಿದುಕೊಂಡೇ ಅದಕ್ಕೆ ಬದಲಿ ಹುಡುಕಿದ್ದೆ.

ಒಂದೂವರೆ ಮಿಲಿಮೀಟರಿನ ತುಂಡನ್ನು ಅರದಲ್ಲಿ ಉಜ್ಜಿ ಅರ್ಧ ಮಿಲಿಮೀಟರಿಗೆ ಇಳಿಸಬೇಕು. ಚಿಮುಟದಲ್ಲಿ ಹಿಡಿದರೆ ಹಾರುತ್ತದೆ. ಬಿರಡೆಗೆ ಅರಗು ಹಚ್ಚಿ, ಅದರಲ್ಲಿ ಹೂತು ಉಜ್ಜಿದೆ. ಶನಿವಾರ ಬೆಳಿಗ್ಗೆ ತುಂಡು ಕೀಯ ತಳದಲ್ಲಿ ಕೂತಿತು. ಕಡ್ಡಿ ಹಾಕಿದೆ, ಮೂರು ಸುತ್ತು ಹಿಡಿಯಿತು. ವಾಚಿನೊಳಗೆ ತಳ್ಳಿದೆ, ಕೊಕ್ಕೆ ಕಚ್ಚಿತು. ಕಣ್ಣಲ್ಲಿ ನೀರು ಬಂತು. ಐಗ್ಲಾಸು ಒತ್ತಿದ್ದರಿಂದ ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಅಂಟಿನ ಟ್ಯೂಬು ಕೈಯಲ್ಲಿತ್ತು. ಆಗಲೇ ಹಚ್ಚಿದ್ದರೆ ಒಣಗಲು ಒಂದು ದಿನ ಪೂರ್ತಿ ಸಿಗುತ್ತಿತ್ತು. ಮೇಷ್ಟ್ರನ್ನು ಕರೆಸಿ ತೋರಿಸಲು ಕೂತರೆ ಆ ಹೊತ್ತು ಕೈಬಿಡುತ್ತಿತ್ತು. ಹಚ್ಚಿಬಿಡೋಣ ಎಂದು ಮುಚ್ಚಳವನ್ನೂ ತೆಗೆದೆ. ಆದರೆ ಆ ವಾರ ನನ್ನ ಬುದ್ಧಿ ಹೇಳಿದ ಒಂದು ಕೆಲಸವೂ ನೆಟ್ಟಗಾಗಿರಲಿಲ್ಲ. ಮುಚ್ಚಳ ಹಾಕಿ ಸ್ಕೂಟರು ಹತ್ತಿ ಮೇಷ್ಟ್ರ ಮನೆಗೆ ಹೋಗಿ, ಅವರನ್ನು ಹಿಂದೆ ಕೂರಿಸಿಕೊಂಡು ಬಂದೆ.

"ಮುಂದಕ್ಕೆ ಮಾತ್ರ ತಿರುಗಿಸಿ ಮೇಷ್ಟ್ರೇ, ಹಿಂದಕ್ಕೆ ತಿರುಗಿಸಿದ್ರೆ ಕಳಚಿ ಬರುತ್ತೆ."

ಹೆಬ್ಬೆರಳಿಟ್ಟು ತಿರುಗಿಸಿದರು. ಒಂದೇ ಸುತ್ತಿಗೆ ನಿಲ್ಲಿಸಿದರು. "ಗೀಟು ಎಲ್ಲಿ?"

"ಯಾವ ಗೀಟು?"

"ಹಳೇ ಕೀ ತೆಗಿ."

ತೆಗೆದು ನೋಡಿದೆ. ಹಲ್ಲುಹಲ್ಲಿನ ಅಂಚಿನಲ್ಲಿ ಒಂದು ಕಡೆ ಅರ ಹಾಕಿ ಎಳೆದ ಕಚ್ಚು. ಸೋಮವಾರವೇ ಕಂಡಿತ್ತು, ಸವೆತ ಅಂದುಕೊಂಡಿದ್ದೆ.

"ಗೀಟು ಬೆರಳ ಕೆಳಗೆ ಬಂದ್ರೆ ಒಂದು ಸುತ್ತು. ದಿನಾ ಇಪ್ಪತ್ತೆರಡು. ಕಮ್ಮಿಯಾದ್ರೆ ನಿಲ್ಲುತ್ತೆ, ಹೆಚ್ಚು ಬಿಗಿದ್ರೆ ಕೀ ಮುರಿಯುತ್ತೆ. ಗೀಟಿಲ್ದೆ ನಾನು ಹೇಗೆ ಎಣಿಸಲಿ?"

ಅಂಟು ಹಾಕಿಬಿಟ್ಟಿದ್ದರೆ ಆ ಕೀಗೆ ಅರ ತಾಗಿಸುವಂತಿರಲಿಲ್ಲ, ಮೂರು ಸುತ್ತಿನ ಹಿಡಿತ ಅಲುಗಾಡಿಬಿಡುತ್ತಿತ್ತು. ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಗಾಜೆತ್ತಿ ಮುಳ್ಳುಗಳ ಮೇಲೆ ಬೆರಳಾಡಿಸಿದರು. "ನಿಮಿಷದ ಮುಳ್ಳು ಎರಡು ನಿಮಿಷ ಮುಂದಿದೆ."

"ಇಲ್ಲ ಮೇಷ್ಟ್ರೇ, ಸರಿಯಾಗಿ ನೋಡಿ ಕೂರಿಸಿದೀನಿ."

"ನೋಡಿ ಕೂರಿಸಿದ್ದಕ್ಕೇ ಹಾಗಾಗಿದೆ. ಓರೆಯಾಗಿ ಕೂತು ನೋಡಿರ್ತೀಯ. ಕಣ್ಣು ಮುಚ್ಚಿ ಮುಟ್ಟು."

ಮುಚ್ಚಿ ಮುಟ್ಟಿದೆ. ಮೊದಲು ಬರೀ ಲೋಹ. ಅವರು ನನ್ನ ತೋರುಬೆರಳನ್ನು ಹಿಡಿದು ಹನ್ನೆರಡರ ಮೂರು ಚುಕ್ಕೆಯ ಮೇಲಿಟ್ಟರು, ಅಲ್ಲಿಂದ ಮುಳ್ಳಿನ ತುದಿಗೆ ತಂದರು. ತುದಿ ನಡುವಿನ ಚುಕ್ಕೆ ದಾಟಿ ಸ್ವಲ್ಪ ಬಲಕ್ಕಿತ್ತು. ಕಣ್ಣಿಗೆ ಕಾಣದೇ ಇದ್ದದ್ದು ಬೆರಳಿಗೆ ಒರಟಾಗಿ ತಗುಲಿತು. ಗಂಟೆಯ ಮುಳ್ಳನ್ನು ಅವರ ಬೆರಳಿನ ಕೆಳಗೆ ಹನ್ನೆರಡಕ್ಕೆ ತಂದು ನಿಲ್ಲಿಸಿ, ನಿಮಿಷದ ಮುಳ್ಳು ಎಬ್ಬಿಸಿ, ಕಣ್ಣು ಮುಚ್ಚಿಕೊಂಡೇ ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ಅವರು "ಈಗ" ಎಂದರು.

ಹೊಸ ಕೀಗೆ ಅರದಲ್ಲಿ ಗೀಟು ಎಳೆದು, ಅದನ್ನೂ ಅವರ ಬೆರಳಿಗೆ ಕೊಟ್ಟು, ಒಪ್ಪಿದ ಮೇಲೆ ಅಂಟು ಹಚ್ಚಿದೆ. ಶನಿವಾರ ಮಧ್ಯಾಹ್ನ ಎರಡೂವರೆ. ಮೇಷ್ಟ್ರು ಎದ್ದು ಕೋಲು ತೆಗೆದುಕೊಂಡರು. "ಕೀ ನಿಲ್ಲುತ್ತೇನೋ?"

ಯಾರ ದನಿಯಲ್ಲೂ ಹೌದು ಎನ್ನಲು ಬರಲಿಲ್ಲ. "ಗೊತ್ತಿಲ್ಲ ಮೇಷ್ಟ್ರೇ" ಎಂದೆ.

ಭಾನುವಾರ ಮೂರೂವರೆಗೆ ವಾಚು ಅವರ ಮನೆಗೆ ಮುಟ್ಟಿಸಿದೆ. ಐದಕ್ಕೆ ಪೆಂಡಾಲಿನಲ್ಲಿ, ಮೈಕಿನ ಪೆಟ್ಟಿಗೆಯ ಪಕ್ಕದ ಕುರ್ಚಿ ಹಿಡಿದೆ. ಅಲ್ಲೇ ವ್ಯವಸ್ಥಾಪಕರು ನಿಂತಿದ್ದರು. ಅವರ ಕೈಯಲ್ಲಿ ಈ ವರ್ಷವೂ ಒಂದು ಮಡಿಸಿದ ಚೀಟಿ ಇತ್ತು.

ಮೇಷ್ಟ್ರು ಏನು ಹಾಡಿದರೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ಅವರ ಎಡಗೈ ನೋಡುತ್ತಿದ್ದೆ. ಒಂದು ಕೃತಿ ಮುಗಿದು ಚಪ್ಪಾಳೆ ಬಿದ್ದಾಗ ಬಲಗೈ ಎಡ ಮುಂಗೈ ಮೇಲೆ ಹೋಗಿ ಬಂತು. ಎರಡನೆಯದಕ್ಕೂ ಹಾಗೇ. ಆಮೇಲೆ ದೊಡ್ಡ ಕೃತಿ ಹಿಡಿದರು. ಸ್ವರ ಹಾಕುತ್ತಾ ಹಾಕುತ್ತಾ ಮೇಲೇರಿದರು. ಪೆಂಡಾಲು ಪೂರ್ತಿ ತಲೆದೂಗುತ್ತಿತ್ತು. ಆರಕ್ಕೆ ಹತ್ತು ನಿಮಿಷ. ಕೈ ವಾಚಿಗೆ ಹೋಗಲಿಲ್ಲ. ಒಂಬತ್ತು ನಿಮಿಷ. ವಾಚು ನಿಂತಿದ್ದರೆ? ಮುಳ್ಳು ಐದು ಮುಕ್ಕಾಲಿನಲ್ಲೇ ಕೂತು ಅವರಿಗೆ ಸುಳ್ಳು ಹೇಳುತ್ತಿದ್ದರೆ? ಎಂಟು. ವ್ಯವಸ್ಥಾಪಕರು ಚೀಟಿ ಬಿಡಿಸಿ, ಕೊಡಲು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದರು.

ಸ್ವರ ಮುಗಿಸಿ ಮೃದಂಗದವರಿಗೆ ತನಿ, ಅಂದರೆ ಅವರೊಬ್ಬರೇ ನುಡಿಸುವ ಸರದಿ, ಬಿಟ್ಟುಕೊಟ್ಟ ಆ ಒಂದು ಗಳಿಗೆಯಲ್ಲಿ ಮೈಕಿನಲ್ಲಿ ಸಣ್ಣಗೆ 'ಟಿಕ್' ಎಂದು ಕೇಳಿಸಿತು. ಗಾಜಿನ ಮುಚ್ಚಳ. ಮೇಷ್ಟ್ರು ಬೆರಳಿಟ್ಟರು, ಮುಚ್ಚಿದರು, ಮೃದಂಗದವರ ಕಡೆಗೆ ವಾಲಿ ಏನೋ ಹೇಳಿದರು. ತನಿ ಚಿಕ್ಕದಾಗಿ ಮುಗಿಯಿತು. ಪಲ್ಲವಿಗೆ ಬಂದು ನಿಲ್ಲಿಸಿ, ಮಂಗಳ ಎತ್ತಿಕೊಂಡರು. ಮಂಗಳ ಪೂರ್ತಿ, ಮೈಕಿನಲ್ಲಿ, ಕೊನೆಯ ಅಕ್ಷರದ ತನಕ. ಮುಗಿಸಿ ಕೈಮುಗಿದಾಗ ಆರಕ್ಕೆ ಇನ್ನೂ ಒಂದು ನಿಮಿಷವಿತ್ತು. ವ್ಯವಸ್ಥಾಪಕರು ಚೀಟಿಯನ್ನು ಜೇಬಿಗೆ ತುರುಕಿಕೊಂಡರು.

ಜನ ಚದುರಿದ ಮೇಲೆ ವೇದಿಕೆಯ ಹತ್ತಿರ ಹೋದೆ. ಮಾತಾಡಿಸಲೋ ಬೇಡವೋ ಎಂದು ಮೆಟ್ಟಿಲ ಬಳಿ ನಿಂತಿದ್ದಾಗ ಮೂಗಿನಲ್ಲಿ ಎಳೆದ ದನಿಯೊಂದು ಕೇಳಿಸಿತು: "ಏನ್ಲಾ, ಅಲ್ಲೇ ನಿಂತ್ಬುಟ್ಟೆ?"

ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿ "ಗುರುಗಳೇ" ಎಂದೆ. ಹಿಂದೆ ಬರೀ ಖಾಲಿ ಕುರ್ಚಿಗಳು. ವೇದಿಕೆಯ ಮೇಲೆ ಮೇಷ್ಟ್ರ ಹೆಗಲು ಕುಲುಕುತ್ತಿತ್ತು.

"ಎರಡು ಮನೆ ಕೆಳಗೆ ಅಂದಿದ್ನಲ್ಲ, ಹೀಗೆ" ಎಂದು ತಮ್ಮ ದನಿಗೆ ಬಂದರು. ಆಮೇಲೆ ನಗು ನಿಲ್ಲಿಸಿ ಎಡಗೈ ಮುಂದೆ ಚಾಚಿದರು. "ಮಧ್ಯಾಹ್ನ ಕೀ ಕೊಡುವಾಗ ಭಯ ಆಯ್ತು ಕಣೋ. ಕಿತ್ಕೊಂಡು ಬಂದ್ರೆ ಅಂತ ಹದಿನೆಂಟಕ್ಕೇ ನಿಲ್ಲಿಸಿಬಿಟ್ಟೆ. ಇನ್ನೂ ನಾಲ್ಕು ಬಾಕಿ ಇದೆ. ನೀನೇ ಕೊಡು."

ಕಣ್ಣು ಮುಚ್ಚಿಕೊಂಡೆ. ತಿರುಗಿಸಿದೆ. ಗೀಟು ಹೆಬ್ಬೆರಳಿಗೆ ಸಿಕ್ಕಿತು, ಹೋಯಿತು. ಮತ್ತೆ ಸಿಕ್ಕಿತು. ಮೇಷ್ಟ್ರು ಕತ್ತು ಒಂದು ಪಕ್ಕಕ್ಕೆ ವಾಲಿಸಿ ಆ ಸದ್ದನ್ನೇ ಕೇಳುತ್ತಿದ್ದರು. ನಾಲ್ಕನೆಯ ಸಲ ಗೀಟು ಬೆರಳ ಕೆಳಗೆ ಬಂದು ನಿಂತಾಗ ಇಬ್ಬರೂ ಒಟ್ಟಿಗೇ "ಸಾಕು" ಎಂದೆವು.